ಸಾಲ ಎಷ್ಟಿದೆ ಅಂತ ಮನೆಯಲ್ಲಿ ಹೇಳೋದು ಯಾಕಿಷ್ಟು ಕಷ್ಟ

ಮಂಡ್ಯ ಸೀಮೆಯಲ್ಲಿ ಅತಿ ಹೆಚ್ಚು ಓಡಾಡುವ ಸುಳ್ಳು ಯಾವುದು ಅಂತ ಕೇಳಿದರೆ, "ಕಬ್ಬಿನ ಬಿಲ್ ಇನ್ನೂ ಆಗಿಲ್ಲ" ಅನ್ನುವುದೇ ಇರಬೇಕು. ಅದು ಅಷ್ಟು ಸಲೀಸಾಗಿ ನಡೆಯುವುದಕ್ಕೆ ಕಾರಣ, ಎಷ್ಟೋ ಸಲ ಅದು ಸುಳ್ಳೇ ಅಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಸರಬರಾಜಾದ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು. ಆದರೂ ತಿಂಗಳುಗಟ್ಟಲೆ ಬಾಕಿ ನಿಂತ ಹಂಗಾಮುಗಳನ್ನು ಈ ಜಿಲ್ಲೆ ಬೇಕಾದಷ್ಟು ಕಂಡಿದೆ. ಹಾಗಾಗಿ ಬಿಲ್ ಆಗಿ, ಆ ದುಡ್ಡು ಹಳೇ ಬಡ್ಡಿಗೆ ಹೋಗಿ ಖಾಲಿಯಾದ ಮೇಲೂ ಈ ಮಾತು ಚಲಾವಣೆಯಲ್ಲಿರುತ್ತದೆ. ಗೊಬ್ಬರದ ಅಂಗಡಿಯವರು ನಂಬುತ್ತಾರೆ, ಬೀಗರು ನಂಬುತ್ತಾರೆ, ಮನೆಯಲ್ಲಿ ಹೆಂಡತಿಯೂ ನಂಬುತ್ತಾಳೆ.

ಮನುಷ್ಯರು ಯಾಕೆ ಸುಳ್ಳು ಹೇಳುತ್ತಾರೆ ಅನ್ನುವ ಪ್ರಶ್ನೆಯನ್ನು ಆಕಾಶದಷ್ಟು ಅಗಲಕ್ಕೆ ಹರಡಿಕೊಂಡರೆ ಉತ್ತರ ಸಿಗುವುದಿಲ್ಲ. ಒಂದೇ ಕಡೆ ನೋಡೋಣ: ಮನೆಯವರಿಂದ ಮುಚ್ಚಿಟ್ಟ ಸಾಲ. ನಮ್ಮ ಕಡೆ ಇದರಿಂದ ಆಗುವಷ್ಟು ಅನಾಹುತ ಬೇರೆ ಯಾವ ಸುಳ್ಳಿನಿಂದಲೂ ಆಗುವುದಿಲ್ಲ. ಇದರಲ್ಲಿ ಸಿಕ್ಕಿಕೊಂಡವರು ಮೋಸಗಾರರಲ್ಲ, ಸಾಮಾನ್ಯವಾಗಿ ಮನೆಯಲ್ಲಿ ಎಲ್ಲರಿಗಿಂತ ಜವಾಬ್ದಾರಿ ಹೊತ್ತವರೇ.

ಶುರುವಾಗುವುದು ಹೀಗೆ. ಮೋಟರ್ ಸುಟ್ಟುಹೋಯಿತು, ಬೋರ್‌ವೆಲ್ ಕೊರೆಸಬೇಕಾಯಿತು, 50 ಸಾವಿರ ಕೈಸಾಲ ತಂದದ್ದಾಯಿತು. "ಈ ಕಟಾವಿಗೆ ತೀರಿಸಿಬಿಡ್ತೀನಿ, ಅವಳಿಗ್ಯಾಕೆ ಸುಮ್ನೆ ಯೋಚ್ನೆ" ಅಂದುಕೊಂಡು ಹೇಳುವುದಿಲ್ಲ. ಆ ಹೊತ್ತಿಗೆ ಅದು ಸುಳ್ಳಲ್ಲ, ಹೇಳದೇ ಇದ್ದದ್ದು ಅಷ್ಟೇ. ಕಬ್ಬು ಕಟಾವಿಗೆ ಬರಲು ಹೆಚ್ಚುಕಮ್ಮಿ 12 ತಿಂಗಳು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಶೇ 36. ಪ್ರತಿ ತಿಂಗಳು ಬಡ್ಡಿ ಕಟ್ಟಲಾಗದೆ ಅದನ್ನೂ ಅಸಲಿಗೆ ಸೇರಿಸುತ್ತಾ ಹೋದರೆ, ಅಥವಾ ಇನ್ನೊಬ್ಬರ ಹತ್ತಿರ ತಂದು ಕಟ್ಟಿದರೆ, 24 ತಿಂಗಳಿಗೆ 50 ಸಾವಿರ 1 ಲಕ್ಷ ದಾಟುತ್ತದೆ. ಈಗ ಹೇಳಬೇಕಾದ್ದು ಎರಡಾಯಿತು: 1 ಲಕ್ಷ ಸಾಲ ಇದೆ ಅನ್ನುವುದು, ಎರಡು ವರ್ಷ ಹೇಳದೇ ಇದ್ದೆ ಅನ್ನುವುದು. ಎಷ್ಟೋ ಜನರ ಬಾಯಿ ಕಟ್ಟಿಹಾಕುವುದು ಈ ಎರಡನೆಯದು. ಸಾಲದ ಮೊತ್ತಕ್ಕೆ ಹೆಂಡತಿ ಅಳಬಹುದು, ಮುಚ್ಚಿಟ್ಟದ್ದಕ್ಕೆ ಏನು ಹೇಳುತ್ತಾಳೋ ಅನ್ನುವ ಭಯ. ದಿನ ಕಳೆದಷ್ಟೂ ಮುಚ್ಚಿಟ್ಟ ಅವಧಿ ಬೆಳೆಯುತ್ತದೆ, ಹಾಗಾಗಿ ನಾಳೆ ಹೇಳುವುದು ಇವತ್ತಿಗಿಂತ ಯಾವಾಗಲೂ ಕಷ್ಟ.

ಹೆಂಗಸರ ಕಡೆಯ ಗುಟ್ಟು ಬೇರೆ ಬಗೆಯದು. ಗುಂಪಿನ ಸಾಲವನ್ನು ತನ್ನ ಹೆಸರಲ್ಲಿ ಎತ್ತಿ ನಾದಿನಿಗೋ ಪಕ್ಕದ ಮನೆಯವಳಿಗೋ ಕೊಟ್ಟಿರುತ್ತಾಳೆ. ಅವಳು ಎರಡು ಕಂತು ಕಟ್ಟಿ ಕೈ ಎತ್ತುತ್ತಾಳೆ. ಒಂದು ಗುಂಪಿನ ಕಂತಿಗೆ ಇನ್ನೊಂದು ಗುಂಪಿನಿಂದ ಎತ್ತುವುದು ಶುರುವಾಗುತ್ತದೆ. ಆಮೇಲೆ ಒಡವೆ ಗಿರವಿ ಅಂಗಡಿಗೆ ಹೋಗುತ್ತದೆ, ಕತ್ತಿನಲ್ಲಿ ಒಂದು ಗ್ರಾಂ ಚಿನ್ನದ ಸರ ಬರುತ್ತದೆ. ಹಬ್ಬ, ಮದುವೆ ಬಂದರೆ ಅವಳಿಗೆ ಎದೆ ಡವಡವ ಅನ್ನುತ್ತದೆ, ಯಾರಾದರೂ ಸರ ಕೈಯಲ್ಲಿ ಹಿಡಿದು ನೋಡಿದರೆ ಅಂತ.

ಸುಳ್ಳಿನ ಮೇಲೆ ನಡೆದಿರುವ ಅಧ್ಯಯನಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಬೆಲ್ಲಾ ಡಿಪಾಲೊ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನ ಒಂದು ವಾರ ತಾವು ಹೇಳಿದ ಸುಳ್ಳುಗಳನ್ನೆಲ್ಲ ಬರೆದಿಟ್ಟರು. ಕಾಲೇಜು ವಿದ್ಯಾರ್ಥಿಗಳು ದಿನಕ್ಕೆ ಸರಾಸರಿ ಎರಡು, ಊರಿನ ಸಾಮಾನ್ಯ ಜನ ದಿನಕ್ಕೆ ಒಂದು. ಬಹುಪಾಲು ಸಣ್ಣಪುಟ್ಟವು, ಎದುರಿಗಿದ್ದವರ ಮುಂದೆ ತನ್ನ ಮುಖ ಉಳಿಸಿಕೊಳ್ಳುವುದಕ್ಕೋ ಅವರ ಮನಸ್ಸು ನೋಯಿಸದಿರುವುದಕ್ಕೋ ಹೇಳಿದವು. ದೊಡ್ಡ ಸುಳ್ಳು ಬೆಳೆಯುವ ಬಗೆ ಬೇರೆ. 2016ರಲ್ಲಿ ನೀಲ್ ಗ್ಯಾರೆಟ್, ಟಾಲಿ ಶರೋಟ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಒಂದು ಪ್ರಯೋಗ ಮಾಡಿದರು. ಗಾಜಿನ ಜಾಡಿಯಲ್ಲಿ ಎಷ್ಟು ಚಿಲ್ಲರೆ ಇದೆ ಅಂತ ಜೊತೆಗಾರನಿಗೆ ಹೇಳಬೇಕು, ತಪ್ಪು ಹೇಳಿದರೆ ಹೇಳಿದವನಿಗೆ ಲಾಭ. ಮೊದಮೊದಲು ಸಣ್ಣದಾಗಿ ತಪ್ಪು ಹೇಳಿದವರು ಬರಬರುತ್ತಾ ದೊಡ್ಡದಾಗಿ ಹೇಳತೊಡಗಿದರು. ಮಿದುಳಿನಲ್ಲಿ ಭಯ, ಕಸಿವಿಸಿಯಂಥ ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲಾ ಅನ್ನುವ ಭಾಗ ಪ್ರತಿ ಸುಳ್ಳಿಗೂ ಸ್ವಲ್ಪ ಸ್ವಲ್ಪ ಕಡಿಮೆ ಸ್ಪಂದಿಸುತ್ತಾ ಹೋಯಿತು. ಮೊದಲ ಕೈಸಾಲ ಮುಚ್ಚಿಡುವಾಗ ನಿದ್ದೆ ಬಾರದವನು ಐದನೆಯದನ್ನು ಮುಚ್ಚಿಡುವಾಗ ನಿರಾಳವಾಗಿ ಊಟ ಮಾಡುತ್ತಾನಲ್ಲ, ಅದಕ್ಕೆ ಇದು ತಕ್ಕಮಟ್ಟಿಗೆ ಉತ್ತರ.

"ಒಂದೇ ಮನೇಲಿದ್ದು ನಿಂಗೆ ಗೊತ್ತಾಗ್ಲಿಲ್ವಾ" ಅಂತ ಆಮೇಲೆ ಊರೆಲ್ಲ ಹೆಂಡತಿಯನ್ನು ಕೇಳುತ್ತದೆ. ಇದು ಅನ್ಯಾಯ. ಬರೀ ಮುಖ ನೋಡಿ, ಮಾತು ಕೇಳಿ ಸುಳ್ಳು ಪತ್ತೆ ಮಾಡುವ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ ಚಾರ್ಲ್ಸ್ ಬಾಂಡ್ ಮತ್ತು ಡಿಪಾಲೊ 2006ರಲ್ಲಿ ಲೆಕ್ಕ ಹಾಕಿದರು. ಸರಿಯಾಗಿ ಗುರುತಿಸಿದ ಪ್ರಮಾಣ ಶೇ 54. ಕಣ್ಣು ಮುಚ್ಚಿ ಹೇಳಿದರೂ ಶೇ 50 ಸರಿ ಬರುತ್ತಿತ್ತು. ಯಂತ್ರ ಹಾಕಿದರೂ ಖಚಿತವಿಲ್ಲ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಸುಳ್ಳು ಪತ್ತೆ ಪರೀಕ್ಷೆಯನ್ನು ಒಬ್ಬರ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದಿತು. ಕಣ್ಣು ತಪ್ಪಿಸಿದ, ಬೆವರಿದ ಅಂತ ಹುಡುಕುವುದು ಬಿಟ್ಟು ಕಾಗದ ನೋಡುವುದು ವಾಸಿ.

ಇಷ್ಟು ಹೇಳಿದ ಮೇಲೆ ಮುಖ್ಯ ವಿಷಯಕ್ಕೆ ಬರುತ್ತೇನೆ. ಮನೆ ಮುರಿಯುವುದು ಹೆಚ್ಚಾಗಿ ಮುಚ್ಚಿಟ್ಟದ್ದರಿಂದ ಅಲ್ಲ, ಅರ್ಧ ಹೇಳಿದ್ದರಿಂದ.

ಧೈರ್ಯ ಮಾಡಿ ಹೇಳುವ ದಿನ ಹೆಚ್ಚಿನವರು ಹೇಳುವ ಮೊತ್ತ ನಿಜವಾದದ್ದಕ್ಕಿಂತ ಕಡಿಮೆ. 6 ಲಕ್ಷ ಇದ್ದರೆ 3 ಅನ್ನುತ್ತಾರೆ. ಉಳಿದ 3 ಲಕ್ಷವನ್ನು ಹೇಗೋ ತಾನೇ ತೀರಿಸಿಬಿಡುತ್ತೇನೆ ಅನ್ನುವ ಆಸೆ. ಕೇಳಿದವಳು ಅತ್ತು, ಸುಧಾರಿಸಿಕೊಂಡು, ತವರಿನಿಂದ 1 ಲಕ್ಷ ತಂದು, ಹಸು ಮಾರಿ ಆ 3 ಲಕ್ಷಕ್ಕೆ ದಾರಿ ಮಾಡುತ್ತಾಳೆ. ನಾಲ್ಕು ತಿಂಗಳ ಮೇಲೆ ಸಾಲ ಕೊಟ್ಟ ಇನ್ನೊಬ್ಬ ಬಾಗಿಲಿಗೆ ಬರುತ್ತಾನೆ. ಮೊದಲನೇ ಸಲ ಕ್ಷಮಿಸಿದವಳು ಎರಡನೇ ಸಲ ಕ್ಷಮಿಸುವುದಿಲ್ಲ. ಈಗ ಮೂರನೆಯದೊಂದು ಇಲ್ಲ ಅಂತ ಅವಳು ನಂಬುವುದಾದರೂ ಹೇಗೆ? ಎಯಾಲ್ ಪಿಯರ್, ಅಲೆಸಾಂಡ್ರೊ ಅಕ್ವಿಸ್ಟಿ, ಶಾಲ್ ಶಾಲ್ವಿ ಅನ್ನುವ ಮೂವರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಇನ್ನೊಂದು ದಿಕ್ಕಿನಿಂದ ತೋರಿಸಿತು. ಮಾಡಿದ ತಪ್ಪನ್ನು ಅರ್ಧಂಬರ್ಧ ಒಪ್ಪಿಕೊಂಡವರ ಮನಸ್ಸು ಪೂರ್ತಿ ಒಪ್ಪಿಕೊಂಡವರಿಗಿಂತ ಹೆಚ್ಚು ಕೆಟ್ಟಿತ್ತು. ಅರ್ಧ ಹೇಳಿದರೆ ಅರ್ಧ ಭಾರವಾದರೂ ಇಳಿಯುತ್ತದೆ ಅನ್ನುವುದು ತಪ್ಪು ಲೆಕ್ಕ.

"ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ" ಅಂತ ನಮ್ಮಲ್ಲಿ ಗಾದೆ. ಒದೆ ಬೀಳುವುದು ಖರೆ. ಅದು ಒಂದೇ ಸಲ ಬೀಳುವ ಹಾಗೆ ನೋಡಿಕೊಳ್ಳಬೇಕು. ಅದಕ್ಕೆ ಬಾಯಿಗಿಂತ ಮೊದಲು ಕಾಗದ ಸಿದ್ಧವಾಗಬೇಕು.

ಮಗುವಿನ ನೋಟ್‌ಬುಕ್ಕಿನ ಒಂದು ಅಗಲ ಹಾಳೆ ಸಾಕು. ಅಡ್ಡಡ್ಡ ಇಟ್ಟು ಗೆರೆ ಎಳೆಯಿರಿ. ಯಾರಿಗೆ ಕೊಡಬೇಕು, ಯಾವಾಗ ತಂದದ್ದು, ಕೈಗೆ ಬಂದದ್ದೆಷ್ಟು, ಬಡ್ಡಿ ಎಷ್ಟು, ಇಲ್ಲಿಯವರೆಗೆ ಕಟ್ಟಿದ್ದೆಷ್ಟು, ಉಳಿದಿರುವುದೆಷ್ಟು, ಏನು ಬರೆದುಕೊಟ್ಟಿದ್ದೀರಿ, ಜಾಮೀನು ಯಾರು. "ಕೈಗೆ ಬಂದದ್ದು" ಅನ್ನುವ ಕಾಲಂ ಬಿಡಬೇಡಿ. ವಾರದ ಬಡ್ಡಿಯವರು 10 ಸಾವಿರ ಸಾಲ ಅಂತ ಬರೆದುಕೊಂಡು, ಬಡ್ಡಿ ಮುರಿದುಕೊಂಡು 8,500 ಕೈಗಿಡುತ್ತಾರೆ, ವಾರಕ್ಕೆ 1 ಸಾವಿರದಂತೆ 10 ವಾರ ವಸೂಲಿ ಮಾಡುತ್ತಾರೆ. ನೂರಕ್ಕೆ 15 ಅಷ್ಟೇ ಅಲ್ಲವಾ ಅನ್ನಿಸುತ್ತದೆ. ಅಸಲು ವಾರವಾರ ಇಳಿಯುತ್ತಿರುವುದನ್ನು ಲೆಕ್ಕಕ್ಕೆ ಹಿಡಿದರೆ ಅದು ವಾರಕ್ಕೆ ನೂರಕ್ಕೆ 3ಕ್ಕೂ ಮೇಲೆ, ವರ್ಷಕ್ಕೆ ಶೇ 150 ದಾಟುತ್ತದೆ. ಮನೆಯಲ್ಲಿ ಹೇಳದೇ ಇರುವವರು ಹೆಚ್ಚಾಗಿ ಇಂಥ ಸಾಲಕ್ಕೇ ಬೀಳುವುದು, ಯಾಕಂದರೆ ಇದಕ್ಕೆ ಮನೆಯವರ ಸಹಿ ಬೇಡ, ಸಂಜೆಯೊಳಗೆ ದುಡ್ಡು ಸಿಗುತ್ತದೆ. ಗುಟ್ಟು ಉಳಿಸಿಕೊಳ್ಳುವುದಕ್ಕೆ ಕಟ್ಟುವ ಬೆಲೆಯೂ ಆ ಬಡ್ಡಿಯಲ್ಲೇ ಸೇರಿದೆ ಅಂತಲೇ ತಿಳಿಯಬೇಕು.

ನೆನಪಿನಿಂದ ಬರೆದದ್ದನ್ನು ದಾಖಲೆಗೆ ತಾಳೆ ಹಾಕಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಜನರ ಸಾಲದ ಲೆಕ್ಕ ಇಡುವ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ಸಾಲ ವರದಿಯನ್ನು ಬಿಟ್ಟಿಯಾಗಿ ಕೊಡಬೇಕು. ಬ್ಯಾಂಕ್, ಫೈನಾನ್ಸ್, ಮೊಬೈಲ್ ಕಂತು, ಗುಂಪಿನ ಸಾಲ ಅದರಲ್ಲಿ ಕಾಣುತ್ತವೆ. ಜಮೀನಿನ ಮೇಲಿನ ಬ್ಯಾಂಕ್, ಸೊಸೈಟಿ ಸಾಲಕ್ಕೆ ಪಹಣಿಯ 11ನೇ ಕಾಲಂ ನೋಡಿ, ಋಣಗಳು ಅಲ್ಲಿ ನಮೂದಾಗಿರುತ್ತವೆ. ನೋಂದಣಿ ಆಗಿರುವ ಅಡಮಾನ, ಕ್ರಯದ ಕರಾರು ಗೊತ್ತಾಗಬೇಕಾದರೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿ, ಅಂದರೆ ಋಣಭಾರ ಪತ್ರ ತೆಗೆಸಿ.

ಯಾವ ದಾಖಲೆಯಲ್ಲೂ ಸಿಗದವೇ ಅಪಾಯದವು. ಕೈಸಾಲ, ಚೀಟಿ ಬಾಕಿ, ಗೊಬ್ಬರದ ಅಂಗಡಿ ಖಾತೆ, ಭಾವಮೈದನ ಹತ್ತಿರ ತಂದದ್ದು, ಗೆಳೆಯನಿಗೆ ಹಾಕಿದ ಜಾಮೀನು. ಜಾಮೀನನ್ನು ಯಾರೂ ಸಾಲ ಅಂತ ಎಣಿಸುವುದಿಲ್ಲ, ಆದರೆ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಕರಾರಿನಲ್ಲಿ ಬೇರೆ ಹೇಳಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಇವೆಲ್ಲಕ್ಕಿಂತ ಕೆಟ್ಟದ್ದು ನೋಂದಣಿ ಆಗದ ಕ್ರಯದ ಅಗ್ರಿಮೆಂಟು. ಸಾಲಕ್ಕೆ ಭದ್ರತೆ ಅಂತ ಹೇಳಿ ಜಮೀನು ಮಾರಿದ ಹಾಗೆ ಬರೆಸಿಕೊಂಡಿರುತ್ತಾರೆ, ಇಸಿಯಲ್ಲಿ ಕಾಣುವುದಿಲ್ಲ. ಖಾಲಿ ಚೆಕ್ಕು, ಖಾಲಿ ಸ್ಟಾಂಪ್ ಪೇಪರಿಗೆ ಸಹಿ ಹಾಕಿಕೊಟ್ಟಿದ್ದರೆ ಅದನ್ನೂ ಬರೆಯಿರಿ, ಚೆಕ್ಕಿನ ನಂಬರು ಸಹಿತ.

ಸೊಸೈಟಿ ಸಾಲದ್ದು ಒಂದು ವಿಶೇಷ. ಅವಧಿಯೊಳಗೆ ಕಟ್ಟಿದರೆ ಬೆಳೆ ಸಾಲಕ್ಕೆ ಬಡ್ಡಿಯಿಲ್ಲ, ತಪ್ಪಿದರೆ ಆ ರಿಯಾಯಿತಿ ಹೋಗುತ್ತದೆ. ಹಾಗಾಗಿ ಗಡುವಿಗೆ ಮುಂಚೆ ನಾಲ್ಕು ದಿನಕ್ಕೆ ಕೈಸಾಲ ತಂದು ಕಟ್ಟಿ, ಹೊಸದಾಗಿ ಎತ್ತಿ, ಕೈಸಾಲ ತೀರಿಸುತ್ತಾರೆ. ಪುಸ್ತಕದಲ್ಲಿ ಸಾಲ ವರ್ಷವರ್ಷವೂ ಚುಕ್ತಾ. ಮನೆಯವರಿಗೆ ಪಾಸ್‌ಬುಕ್ ತೋರಿಸಿ "ನೋಡು, ತೀರ್ಸಿದ್ದೀನಿ" ಅನ್ನಬಹುದು, ಸಾಲ ಮಾತ್ರ ಅಲ್ಲೇ ಇದೆ. ಇಂಥದ್ದನ್ನು ಹಾಳೆಯಲ್ಲಿ ಉಳಿದ ಸಾಲ ಅಂತಲೇ ಬರೆಯಬೇಕು.

ಇನ್ನು ಹೇಳುವ ಹೊತ್ತು. ರಾತ್ರಿ ಬೇಡ, ಕುಡಿದಾಗ ಖಂಡಿತ ಬೇಡ, ಹಬ್ಬದ ಹಿಂದಿನ ದಿನ ಬೇಡ, ಅತ್ತೆ ಮಾವನ ಎದುರು ಬೇಡ. ಮಕ್ಕಳು ಸ್ಕೂಲಿಗೆ ಹೋದ ಮೇಲೆ, ಎರಡು ಗಂಟೆ ಯಾರೂ ಬರದ ಹೊತ್ತು ಒಳ್ಳೆಯದು. ಪೀಠಿಕೆ ಹಾಕಬೇಡಿ. "ನಿಂಗೊಂದು ವಿಷ್ಯ ಹೇಳ್ಬೇಕು, ಬೇಜಾರು ಮಾಡ್ಕೋಬೇಡ" ಅಂತ ಶುರು ಮಾಡಿದರೆ ಮಾತು ಕಾರಣಗಳ ಕಡೆಗೆ ಜಾರುತ್ತದೆ, ಮಳೆ, ರೇಟು, ತಮ್ಮನ ಮದುವೆ, ಕೊನೆಗೆ ಮೊತ್ತ ಹೇಳುವ ಹೊತ್ತಿಗೆ ನಾಲಿಗೆ ತಾನೇ ಕಡಿಮೆ ಮಾಡಿ ಹೇಳಿಬಿಡುತ್ತದೆ. ಮೊದಲ ಮಾತೇ ಒಟ್ಟು ಮೊತ್ತವಾಗಿರಲಿ:

"ಒಟ್ಟು 6 ಲಕ್ಷ 40 ಸಾವಿರ ಸಾಲ ಐತೆ ಕಣಮ್ಮಿ. ನಿಂಗೆ ಗೊತ್ತಿರೋದು ಸೊಸೈಟಿದು 2 ಲಕ್ಷ ಅಷ್ಟೇಯ. ಕೈಸಾಲ ಒಂದೂವರೆ, ಒಡವೆ ಮೇಲೆ 1 ಲಕ್ಷ 20, ಗುಂಪಿಂದು 80, ನಿಮ್ಮಣ್ಣನತ್ರ 50, ಗೊಬ್ಬರದಂಗ್ಡಿ 40. ಎಲ್ಲ ಈ ಹಾಳೇಲಿ ಬರ್ದಿವ್ನಿ. ಇನ್ನೇನೂ ಇಲ್ಲ."

ಆ ಕೊನೆಯ ಎರಡು ಪದ ಹೇಳಲು ಆಗದಿದ್ದರೆ ಹಾಳೆ ಇನ್ನೂ ಪೂರ್ತಿಯಾಗಿಲ್ಲ ಅಂತ ಅರ್ಥ. ಇನ್ನೆರಡು ದಿನ ತೆಗೆದುಕೊಂಡು ಪೂರ್ತಿ ಮಾಡಿ ಆಮೇಲೆ ಕೂರಿ. ತೀರಾ ತಡಮಾಡಿದರೂ ಕೆಡುತ್ತದೆ. ನೀವು ಹೇಳುವ ಮೊದಲೇ ಊರಿನಲ್ಲಿ ಯಾರೋ ಹೇಳಿಬಿಟ್ಟರೆ, ಆಮೇಲೆ ನೀವು ಹೇಳಿದ್ದಕ್ಕೆಲ್ಲ ಸಿಕ್ಕಿಬಿದ್ದವರ ಮಾತಿನಷ್ಟೇ ಬೆಲೆ.

ಕೇಳಿಸಿಕೊಳ್ಳುವವರಿಗೂ ಒಂದು ಮಾತಿದೆ, ಇದನ್ನು ಕೈಮುಗಿದು ಹೇಳುತ್ತೇನೆ. ಮೊದಲ ದಿನ "ಯಾಕೆ" ಅನ್ನುವ ಪ್ರಶ್ನೆ ಬಿಟ್ಟುಬಿಡಿ. ಅದಕ್ಕೆ ಬರುವ ಉತ್ತರವೆಲ್ಲ ಸಮರ್ಥನೆಯೇ ಆಗುತ್ತದೆ, ಜಗಳವೇ ಆಗುತ್ತದೆ. ಕೇಳಬೇಕಾದ್ದು "ಯಾರಿಗೆ, ಎಷ್ಟು, ಏನು ಬರ್ಕೊಟ್ಟಿದ್ದೀರಿ" ಅಂತ. ಆಮೇಲೆ ಒಂದು ವಾರದ ಗಡುವು ಕೊಡಿ: ಈ ವಾರದಲ್ಲಿ ನೆನಪಿಗೆ ಬಂದದ್ದನ್ನು ಸೇರಿಸಿದರೆ ನಾನು ಜಗಳ ತೆಗೆಯುವುದಿಲ್ಲ, ವಾರ ಕಳೆದ ಮೇಲೆ ಹೊಸದು ಹೊರಬಂದರೆ ಮಾತ್ರ ಸುಮ್ಮನಿರುವುದಿಲ್ಲ ಅಂತ. ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳಿ. ಮೂರನೇ ದಿನ ಅವರು "ಇನ್ನೊಂದು 30 ಸಾವಿರ ಐತೆ" ಅಂದಾಗ ನೀವು ಸಿಡಿದರೆ, ನಾಲ್ಕನೆಯದು ಎಂದೂ ಹೊರಗೆ ಬರುವುದಿಲ್ಲ. ಅದೇ ದಿನ ತವರಿಗೆ ಹೊರಡುವುದು, ಊರ ಹಿರಿಯರನ್ನು ಕರೆಸುವುದು ಬೇಡ, ಅದಕ್ಕೆಲ್ಲ ಆಮೇಲೆ ಸಮಯವಿದೆ. ಕೈ ಮಾಡುವ ಗಂಡನಿಗೆ ಗುಂಪಿನ ಸಾಲದ ವಿಷಯ ಹೇಳಬೇಕಾದ ಹೆಂಗಸರು ಒಬ್ಬರೇ ಕೂತು ಹೇಳಬಾರದು. ನಂಬಿಕೆಯ ಒಬ್ಬರು ಪಕ್ಕದಲ್ಲಿರಲಿ, ತುರ್ತು ಸಹಾಯದ 112 ಮತ್ತು ಮಹಿಳಾ ಸಹಾಯವಾಣಿ 181 ನೆನಪಿರಲಿ.

ಮುಚ್ಚಿಟ್ಟ ಸಾಲದವರು ಸಾವಿನ ಮಾತಾಡಿದರೆ ಅದನ್ನು ಬೆದರಿಕೆ ಅಂತ ತಳ್ಳಿಹಾಕಬೇಡಿ. 2015ರಲ್ಲಿ ಮಂಡ್ಯದ ಕಬ್ಬು ಬೆಳೆಗಾರರ ಮನೆಗಳಲ್ಲಿ ಆತ್ಮಹತ್ಯೆಗಳಾದದ್ದು ಇಲ್ಲಿ ಎಲ್ಲರಿಗೂ ಗೊತ್ತು. "ನಾನಿಲ್ದೇ ಹೋದ್ರೆ ಸಾಲ ತೀರೋಯ್ತದೆ" ಅನ್ನುವುದು ಕಾನೂನಿನಲ್ಲೂ ತಪ್ಪು. ಸಾಲ ಸಾಯುವುದಿಲ್ಲ, ಬಿಟ್ಟುಹೋದ ಆಸ್ತಿಯ ಮಟ್ಟಿಗೆ ವಾರಸುದಾರರ ಮೇಲೆ ಬರುತ್ತದೆ. ಬದುಕಿದ್ದು ಕೂತು ಮಾತಾಡುವವರಿಗೆ ಇರುವ ದಾರಿಗಳು ಹೋದವರ ಮನೆಯವರಿಗೆ ಇರುವುದಿಲ್ಲ. ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಬಿಟ್ಟಿಯಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಕ್ರಿಮಿನಾಶಕದ ಡಬ್ಬಿ ಇದ್ದರೆ ಆ ವಾರ ಬೇರೆಯವರ ಮನೆಯಲ್ಲಿಡಿ.

ಮಕ್ಕಳ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ವಸೂಲಿಯವರು ಬಂದಾಗ "ಅಪ್ಪ ಮನೇಲಿಲ್ಲ ಅಂತ ಹೇಳು ಹೋಗು" ಅಂತ ಮಗುವನ್ನು ಬಾಗಿಲಿಗೆ ಕಳಿಸಬೇಡಿ. ಆ ಮಗು ಹೋಮ್‌ವರ್ಕ್ ವಿಷಯದಲ್ಲಿ ಸುಳ್ಳು ಹೇಳಿದಾಗ ಬಯ್ಯುವ ಅಧಿಕಾರ ಆಮೇಲೆ ಇರುವುದಿಲ್ಲ.

ಮನೆಯಲ್ಲಿ ಹೇಳಿದ ಮೇಲೆ ಸಾಲ ಕೊಟ್ಟವರಿಗೂ ನಿಜ ಹೇಳುವ ಸರದಿ. "ಮುಂದಿನ ತಿಂಗಳು ಪೂರ್ತಿ ಕೊಡ್ತೀನಿ" ಅನ್ನುವ ಮಾತು ಅವರೂ ನಂಬುವುದಿಲ್ಲ. "ತಿಂಗಳಿಗೆ 4 ಸಾವಿರ, ಡೇರಿ ದುಡ್ಡು ಬಂದ ಮಾರನೇ ದಿನ" ಅಂದರೆ ಮುಖ ಗಂಟಿಕ್ಕಿದರೂ ಹೆಚ್ಚಿನವರು ಒಪ್ಪುತ್ತಾರೆ. ಕೊಡಲಾಗುವಷ್ಟಕ್ಕಿಂತ ಸ್ವಲ್ಪ ಕಡಿಮೆಯೇ ಒಪ್ಪಿಕೊಳ್ಳಿ, ಎರಡನೇ ತಿಂಗಳೇ ತಪ್ಪಿದರೆ ಮತ್ತೆ ಸುಳ್ಳಿನ ಹಾದಿ. ಮೊದಲು ಬಿಡಿಸಿಕೊಳ್ಳಬೇಕಾದ್ದು ಜಮೀನಿನ ಅಗ್ರಿಮೆಂಟು, ಆಮೇಲೆ ಹರಾಜಿಗೆ ಬರಲಿರುವ ಒಡವೆ, ಆಮೇಲೆ ವಾರದ ಬಡ್ಡಿ. ನೆಂಟರ ಸಾಲ ಬಡ್ಡಿಯಿಲ್ಲದ್ದಾದರೆ ಕೊನೆಗಿರಲಿ, ಆದರೆ ಕೊನೆಗೆ ಕೊಡುತ್ತೇವೆ ಅಂತ ಅವರಿಗೆ ಮೊದಲೇ ಹೇಳಿ.

ಸಾಲಗಾರರಿಗೂ ಕಾನೂನಿನ ಆಸರೆ ಇದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಮೈಕ್ರೋಫೈನಾನ್ಸ್‌ನವರು ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ, ಮನೆಯ ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟುವ ಹಾಗೆ ಸಾಲ ಕೊಡುವಂತಿಲ್ಲ. ಮಿತಿಮೀರಿದ ಬಡ್ಡಿಗೆ ರಾಜ್ಯದಲ್ಲಿ 2004ರ ಕಾಯ್ದೆ ಇದೆ, ಬಲವಂತದ ವಸೂಲಿ ತಡೆಯಲು 2025ರಲ್ಲಿ ಇನ್ನೊಂದು ಬಂದಿದೆ. ಮೈಸೂರು, ಮಂಡ್ಯ ಎರಡೂ ಕಡೆ ಕೋರ್ಟ್ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಹೋಗುವಾಗ ಆ ಹಾಳೆಯನ್ನೇ ತೆಗೆದುಕೊಂಡು ಹೋಗಿ. ಅರ್ಧ ಮುಚ್ಚಿಟ್ಟು ಕೇಳಿದರೆ ವಕೀಲರ ಸಲಹೆಯೂ ಅರ್ಧದ್ದೇ ಆಗುತ್ತದೆ.

ಕಂತು ಕಟ್ಟಿದಾಗಲೆಲ್ಲ ರಸೀದಿ ಪಡೆಯಿರಿ, ಕೊಡದಿದ್ದರೆ ನಗದು ಬಿಟ್ಟು ಫೋನ್‌ಪೇಯಲ್ಲೋ ಬ್ಯಾಂಕಿನಲ್ಲೋ ಹಾಕಿ, ಅದೇ ರಸೀದಿ. ಒಂದು ಸಾಲ ತೀರಿದ ದಿನ ಚೆಕ್ಕು, ಪ್ರೋನೋಟು, ಅಗ್ರಿಮೆಂಟು ವಾಪಸ್ ಇಸಿದುಕೊಳ್ಳದೆ ಎದ್ದು ಬರಬೇಡಿ. ಬ್ಯಾಂಕ್ ಸಾಲವಾದರೆ ಬೇಬಾಕಿ ಪತ್ರ ತೆಗೆದುಕೊಂಡು, ಪಹಣಿಯ 11ನೇ ಕಾಲಂನಿಂದ ಆ ಸಾಲ ಇಳಿದಿದೆಯೋ ಇಲ್ಲವೋ ಅಂತ ಹೊಸ ಪಹಣಿ ತೆಗೆಸಿ, ಇಬ್ಬರೂ ಕೂತು ನೋಡಿ.